ಅತ್ತೆ ಹಿಂಡಿದ ನೆಲ್ಲಿಕಾಯಿ ರಸ

ದೇವಲಾಪುರ,
12-11-2024

ದಿಲೀಪ್ ಅವರಿಗೆ, ನಿಮ್ಮ ಹೆಂಡತಿ ರಂಜಿತ ಮಾಡುವ ನಮಸ್ಕಾರ.

ಗಂಡನ ಹೆಸರು ಹಿಡಿದು ಬರೆಯಬಾರದಂತೆ. ಒಂದು ತಿಂಗಳಿಂದ ಫೋನೇ ಎತ್ತದ ಗಂಡನಿಗೆ ಇನ್ನು ಹೇಗೆ ಬರೆಯಬೇಕೋ ನನಗೆ ತಿಳಿಯದು. ಈ ಕಾಗದವನ್ನು ಬೆಳ್ಳೂರು ಕ್ರಾಸಿನ ನಿಮ್ಮ ಬ್ಯಾಟರಿ ಅಂಗಡಿಗೇ ಹಾಕುತ್ತಿದ್ದೇನೆ. ಮನೆಗೆ ಹಾಕಿದರೆ ಅತ್ತೆ ಯಾರ ಕೈಲಾದರೂ ಓದಿಸಿಯಾರು.

ನಾಳೆ ತುಳಸಿ ಹಬ್ಬ. ನಮ್ಮವ್ವ ನೆಲ್ಲಿ ಕೊಂಬೆ ತಂದು ಜಗಲಿ ಮೇಲಿಟ್ಟಿದ್ದಾಳೆ. ನೋಡಿದರೆ ಸಂಕಟವಾಗುತ್ತದೆ.

ಮೈಸೂರಿನ ಡಾಕ್ಟರು ಏನೆಂದರು? ಹಳೇ ಬ್ಯಾಟರಿ ಒಡೆದು ಸೀಸ ಕರಗಿಸಿ ಕರಗಿಸಿ ಅದು ನಿಮ್ಮ ರಕ್ತಕ್ಕೇ ಇಳಿದಿದೆ, ವೀರ್ಯಾಣು ಸೊರಗಿವೆ ಎಂದರು. ನೆಲ್ಲಿಕಾಯಿ, ನುಗ್ಗೆಸೊಪ್ಪು ತಿನ್ನಿ, ಒಂದಿಷ್ಟು ಕಾಪಾಡಬಹುದು. ಆದರೆ ಮೊದಲು ಆ ಕೆಲಸ ಬಿಡಿ, ಸೀಸ ಒಳಗೆ ಹೋಗುತ್ತಲೇ ಇದ್ದರೆ ಯಾವ ಕಾಯಿ ಸೊಪ್ಪೂ ತಡೆಯಲಾರದು ಎಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಕೈ ಹಿಡಿದು, "ಯಾರ್ಗೂ ಯೋಳ್ಬೇಡ ಕಣೆ, ಊರಲ್ಲಿ ತಲೆ ಎತ್ತಕಾಗಲ್ಲ" ಎಂದು ಅತ್ತಿರಿ. ನಾನು ಒಪ್ಪಿದೆ.

ಅತ್ತೆ ನನ್ನನ್ನೇ ಬಂಜೆ ಎಂದುಕೊಂಡು ದಿನಾ ನೆಲ್ಲಿಕಾಯಿ ಜಜ್ಜಿ ರಸ ಹಿಂಡಿ ಕೊಡುತ್ತಿದ್ದರು. ಕುಡಿಯುವವಳಂತೆ ಕೋಣೆಗೆ ತಂದು ನಿಮಗೆ ಕುಡಿಸುತ್ತಿದ್ದೆ. ಮದ್ದು ನಿಮ್ಮ ಹೊಟ್ಟೆಗೆ, ಕೆಟ್ಟ ಹೆಸರು ನನ್ನ ತಲೆಗೆ. ಆಗ ಇಬ್ಬರೂ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ಆಮೇಲೆ ನೀವು ಆ ರಸವನ್ನೇ ನೆಚ್ಚಿಕೊಂಡಿರಿ. "ಇದೈತಲ್ಲ ಬುಡು, ಸೀಸ ಏನ್ ಮಾಡೀತು" ಎಂದು ಮತ್ತೊಂದು ಲೋಡು ಹಳೇ ಬ್ಯಾಟರಿ ತರಿಸಿದಿರಿ. ತೂತು ಮಡಕೆಗೆ ನೀರು ಹೊಯ್ದಂತಾಯಿತು. ಎಷ್ಟು ಜಗಳವಾಡಿದೆ! "ಇಷ್ಟು ರಸ ಕುಡುದ್ರೂ ಬಸ್ರಾಗ್ಲಿಲ್ಲ, ಇನ್ಯಾಕೆ ಇವ್ಳು" ಎಂದು ಅತ್ತೆ ನನ್ನನ್ನು ತವರಿಗೆ ಅಟ್ಟಿದಾಗ ನೀವು ನೆಲ ನೋಡುತ್ತಾ ನಿಂತಿದ್ದಿರಿ. ಅದನ್ನು ನಾನು ಇನ್ನೂ ಕ್ಷಮಿಸಿಲ್ಲ.

ಈಗ ಕೆ.ಆರ್.ಪೇಟೆ ಕಡೆ ನಿಮಗೆ ಹೆಣ್ಣು ನೋಡಿದ್ದಾರಂತೆ. ಬೇರೆ ಹೆಂಡತಿ ಬಂದರೆ ನಿಮ್ಮ ರಕ್ತ ಬೇರೆಯಾಗುತ್ತದೆಯೇ? ನಿಮ್ಮ ಕಾಲಿಗೆ ಬೀಳುತ್ತೇನೆ, ಸೀಸ ಕರಗಿಸುವುದು ಬಿಡಿ. ಹೊಸ ಬ್ಯಾಟರಿ ಮಾರಿಕೊಂಡೇ ಬದುಕೋಣ. ಬಿಟ್ಟರೆ ಚೇತರಿಸಿಕೊಳ್ಳಬಹುದು ಎಂದು ಡಾಕ್ಟರೇ ಹೇಳಿದ್ದಾರೆ. ಮಗು ಆಗದಿದ್ದರೆ ಬೇಡ, ನೀವಾದರೂ ಉಳಿಯುತ್ತೀರಿ. ನಿಮ್ಮ ತಾಯಿಯ ಎದುರು ಒಂದೇ ಸಲ ಬಾಯಿ ಬಿಡಿ. ಕೋಪವಿದೆ, ಆದರೂ ನನಗೆ ನೀವೇ ಬೇಕು ರೀ.

ಇಂತಿ, ಇನ್ನೂ ನಿಮ್ಮವಳೇ ಆದ,
ರಂಜಿತ

ವಿ.ಸೂ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ನಿಮಗೆ ನೋಡಿರುವ ಹುಡುಗಿ ಧನುಶ್ರೀ ನಿನ್ನೆ ತಾನೇ ಫೋನ್ ಮಾಡಿದ್ದಳು. "ನಿಜ ಯೋಳಕ್ಕ, ದೋಸ ಯಾರದು?" ಎಂದು ಕೇಳಿದಳು. ನಿಮ್ಮ ಮಾನ ಬಿಟ್ಟುಕೊಡಲು ನಾಲಿಗೆ ಏಳಲಿಲ್ಲ. ನನ್ನದೇ ಎಂದುಬಿಟ್ಟೆ. ಸಂಜೆಗೆ ಅವಳು ಮದುವೆಗೆ ಒಪ್ಪಿಕೊಂಡಳಂತೆ.