ಮುರುಗಲು ಸಿಪ್ಪೆಯ ಕೆಳಗಿದ್ದ ಸೋಲಾರ್ ಫಲಕ

ಮೇ ೨೧, ಬುಧವಾರ

ಅಪ್ಪ ಇನ್ನೂ ಸಿಕ್ಕಿಲ್ಲ. ನಿನ್ನೆ ಸಂಜೆ ಐದಕ್ಕೆ ಹಟ್ಟಿಕೇರಿಯ ಹತ್ತಿರ ಹೆದ್ದಾರಿ ದಾಟುತ್ತಿದ್ದ ಎಂದು ಡೇರಿಯ ಸುಕ್ರು ಹೇಳಿದ. ಆಮೇಲೆ ಕಂಡವರಿಲ್ಲ.

ಮನೆ ಯಾವುದೆಂದು ಅಪ್ಪನಿಗೆ ಮರೆತುಹೋಗುತ್ತದೆ. ಅವನು ಅಂಗಳ ದಾಟಿದರೆ ನನ್ನ ಮೊಬೈಲು ಕೂಗಲಿ ಎಂದೇ ಸೋಲಾರ್ ಕ್ಯಾಮೆರಾ ಹಾಕಿಸಿದ್ದು. ನಿನ್ನೆ ಕೂಗಲಿಲ್ಲ. ಬಚ್ಚಲಿನ ತಾರಸಿಯ ತುಂಬ, ಕ್ಯಾಮೆರಾದ ಸೋಲಾರ್ ಫಲಕವೂ ಮುಚ್ಚುವಂತೆ, ಆಯಿ ಒಂದು ವಾರದಿಂದ ಸಾರಿನ ಹುಳಿಗೆಂದು ಮುರುಗಲು ಹಣ್ಣಿನ ಸಿಪ್ಪೆ ಒಣಗಿಸುತ್ತಿದ್ದಳು. ಬ್ಯಾಟರಿ ಸತ್ತಿತ್ತು.

“ಅಲ್ಲೇ ಬಿಸ್ಲು ಚೊಲೋ ಬೀಳ್ತದೆ ಅಂತ ನೀನೇ ಹೇಳಿದ್ಯಲ್ಲೋ ತಮಾ,” ಎಂದಳು.

ಹೇಳಿದ್ದೆ. ಫಲಕ ಕೂರಿಸಿದ ದಿನ ಹೆಮ್ಮೆಯಿಂದ ಹೇಳಿದ್ದೆ. ಅದರ ಮೇಲೆ ಏನೂ ಇಡಬೇಡ ಎಂದು ಮಾತ್ರ ಹೇಳಲಿಲ್ಲ. ಬ್ಯಾಟರಿ ಕಡಿಮೆಯಾಗಿದೆ ಎಂದು ಮೊಬೈಲಿಗೆ ಎರಡು ಸಲ ಸಂದೇಶ ಬಂದಿತ್ತು. ಮೋಡ ಇರಬೇಕು ಎಂದು ಬಿಟ್ಟೆ.

ಆಯಿ ಇವತ್ತು ಸಿಪ್ಪೆಯನ್ನೆಲ್ಲ ಗೊಬ್ಬರಗುಂಡಿಗೆ ಸುರಿದಳು. “ಅವ್ರು ಉಂಡ್ರೋ ಇಲ್ವೋ,” ಎಂದು ಕೇಳಿದಳು. ತಾನೂ ಉಣ್ಣಲಿಲ್ಲ.

ಈಗ ಬ್ಯಾಟರಿ ತುಂಬಿದೆ. ಅಂಗಳದಲ್ಲಿ ನಾಯಿ ಓಡಾಡಿದರೂ ಮೊಬೈಲು ಕೂಗುತ್ತದೆ. ಪ್ರತಿ ಸಲವೂ ಇಬ್ಬರೂ ಎದ್ದು ಬಾಗಿಲಿಗೆ ಹೋಗುತ್ತೇವೆ.

ನಾಳೆ ಬೆಳಿಗ್ಗೆ ಎಂಟಕ್ಕೆ ಅಂಕೋಲೆಗೆ ಹೋಗಿ ಠಾಣೆಯಲ್ಲಿ ಅಪ್ಪನ ಫೋಟೊ ಕೊಡಬೇಕು.