ಹನ್ನೆರಡು ದಪ್ಪ ಪುಸ್ತಕಗಳು

ಬೋರಗಾಂವ
೧೧-೧-೧೯೯೪, ಮಂಗಳವಾರ

ಪ್ರೀತಿಯ ಗೌರಕ್ಕನಿಗೆ,

ನಿನ್ನ ತಮ್ಮ ಸಿದರಾಯನ ನಮಸ್ಕಾರ. ಕೆಮ್ಮು ಹೇಗಿದೆ? ಊಟ ಸೇರುತ್ತಿದೆಯೇ? ಪಂಚಮಿಗೆ ಬಂದಾಗ ನಿನ್ನ ಬಳೆ ಮೊಣಕೈವರೆಗೆ ಜಾರುತ್ತಿದ್ದವು. ಆಗ ನೋಡಿಯೂ ನಾನು ಏನೂ ಕೇಳಲಿಲ್ಲ, ಈಗ ಕೇಳುತ್ತಿದ್ದೇನೆ. ಇಲ್ಲಿ ಅವ್ವನ ಮೊಣಕಾಲು ನೋವು ಇದ್ದಂತೆಯೇ ಇದೆ. ಎಮ್ಮೆ ಈದಿದೆ. ಗಿಣ್ಣ ಬಡಿಸುವಾಗ ಅವ್ವ ನಿನ್ನ ಹೆಸರೆತ್ತಿ ಒಂದು ಬಟ್ಟಲು ತೆಗೆದಿಟ್ಟಳು. ನಿನಗೆ ಬರುವ ಕಾಗದವನ್ನು ಆ ಮನೆಯಲ್ಲಿ ಗಂಡಸರು ಒಡೆದು ಓದಿದ ಮೇಲೆ ನಿನ್ನ ಕೈಗೆ ಕೊಡುತ್ತಾರೆಂದು ನೀನೇ ಹೇಳಿದ್ದೆ. ಅದಕ್ಕೇ ಇದನ್ನು ಅಂಚೆಗೆ ಹಾಕಲಿಲ್ಲ. ಸಂಕ್ರಮಣಕ್ಕೆ ಬಳೆ ಇಡಿಸಲು ನಿಮ್ಮ ಅಥಣಿ ಕಡೆ ಹೊರಟ ಸುಂದ್ರವ್ವನಿಗೆ ಕೊಟ್ಟಿದ್ದೇನೆ. ಬಳೆಗಾರ್ತಿಯನ್ನು ಪಡಸಾಲೆಯಲ್ಲಿ ಯಾರೂ ತಡೆಯುವುದಿಲ್ಲ. ಓದಿ ಒಲೆಗೆ ಹಾಕು.

ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ನೀನು ಹಾಕಿದ ಸವಾಲು ನೆನಪಿದೆಯೇ? ಪಂಚಮಿಗೆ ಕರೆತಂದ ಅಕ್ಕನನ್ನು ತಿರುಗಿ ಗಂಡನ ಮನೆಗೆ ಬಿಟ್ಟು ಬರುವುದು ತಮ್ಮನ ಕೆಲಸ, ಅದನ್ನು ನಾನು ಚಾಚೂ ತಪ್ಪದೆ ಮಾಡುತ್ತಿದ್ದೆ. ಬಸ್ಸು ಬರುವವರೆಗೆ ನಿನಗೆ ಮೂಢನಂಬಿಕೆಯ ಮೇಲೆ ಭಾಷಣ ಬಿಗಿದೆ. ನೀನು ಸೆರಗಿನಿಂದ ಮುಖ ಒರೆಸಿಕೊಂಡು ಅಂದೆ: "ನಿನ್ನ ಪುಸ್ತಕಾ ಎಲ್ಲಾ ಹದಿನಾರ ಪುಟದವು, ಲೇ. ಚಾ ಆರೂದ್ರಾಗ ಮುಗೀತಾವು. ಹನ್ನೆರಡು ದಪ್ಪನ್ನ ಕಾದಂಬರಿ ಓದು, ಹಳೇ ಬಂಗ್ಲೆದ್ದು, ಹೆದರಿಕಿದ್ದು. ಆಮ್ಯಾಲ ನನಗ ಬುದ್ಧಿ ಹೇಳಾಕ ಬಾ." ಮದುವೆಗೆ ಮುಂಚೆ ನಿಪ್ಪಾಣಿಯ ವಾಚನಾಲಯದಿಂದ ನೀನು ತಂದು ಓದುತ್ತಿದ್ದುದೆಲ್ಲ ಅಂಥವೇ. ನಾನು ಅವನ್ನು ಜಮೀನ್ದಾರರ ಕಾಲಕ್ಷೇಪ ಎಂದು ಹೀಗಳೆಯುತ್ತಿದ್ದೆ. ಹಟಕ್ಕೆ ಬಿದ್ದು ಯುಗಾದಿಯೊಳಗೆ ಹನ್ನೆರಡನ್ನೂ ಮುಗಿಸುತ್ತೇನೆಂದು ಹೊರಟೆ. ವಾಚನಾಲಯದ ಭಾವುಸಾಹೇಬರು ಪುಸ್ತಕದ ಧೂಳು ಹೊಡೆಯುತ್ತ, "ಏನಪಾ ಸಿದರಾಯ, ಕ್ರಾಂತಿ ಮುಗೀತೇನು? ದೆವ್ವದ ಬೆನ್ನ ಹತ್ತೀಯಲ್ಲ!" ಎಂದು ಇಡೀ ವಾಚನಾಲಯಕ್ಕೆ ಕೇಳುವಂತೆ ನಕ್ಕರು. ಮಗ್ಗ ಓಡುತ್ತಿರುವಾಗ ಒಂದು ಕಣ್ಣು ಎಳೆಯ ಮೇಲೆ, ಒಂದು ಕಣ್ಣು ಪುಟದ ಮೇಲೆ. ಎರಡು ಸಲ ಬಟ್ಟೆ ಕೆಡಿಸಿ ಮಾಲೀಕ ಶ್ರೀಪಾಲಣ್ಣನಿಂದ ಬೈಸಿಕೊಂಡೆ. ಮೊದಲ ನಾಲ್ಕು ಪುಸ್ತಕದ ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ "ಸುಳ್ಳು", "ಶೋಷಣೆ" ಎಂದು ಗೀಚಿದ್ದೇನೆ. ಐದರಿಂದ ಪೆನ್ಸಿಲು ಮರೆತೆ.

ಒಂಬತ್ತು ಮುಗಿದಿವೆ ಅಕ್ಕಾ. ಊರು ಬೇರೆ, ಕಾಲ ಬೇರೆ. ಆದರೆ ಎಲ್ಲದರಲ್ಲೂ ಒಬ್ಬ ಹೆಣ್ಣುಮಗಳು ಆ ಮನೆಯಲ್ಲಿ ಯಾರೋ ಇದ್ದಾರೆ ಎನ್ನುತ್ತಾಳೆ. ಎಲ್ಲರಿಗಿಂತ ಮೊದಲು ನಗುವವನು ಓದಿದ ಗಂಡಸು. ಹುಡುಕುತ್ತ ಹೋದರೆ ಒಂಬತ್ತರಲ್ಲಿ ಏಳರಲ್ಲಿ ದೆವ್ವವೇ ಇರಲಿಲ್ಲ. ಮನುಷ್ಯ ಇದ್ದ. ಆ ಮನೆಯವನೇ ಇದ್ದ. ಒಂಬತ್ತನೆಯದರ ಕೊನೆಯ ಪುಟ ಓದುವಾಗ ನಾನು ಮಗ್ಗ ನಿಲ್ಲಿಸಿದೆ.

ಪಂಚಮಿಯಲ್ಲಿ ನೀನು ತಿರುಗಿ ಹೋಗುವುದಿಲ್ಲ ಎಂದು ಅತ್ತಾಗ ಹೇಳಿದ್ದು ಒಂದೇ ಮಾತು: "ನಡು ಮಧ್ಯಾಹ್ನ ದ್ರಾಕ್ಷಿ ತಿರುವಾಕ ನನ್ನ ಒಬ್ಬಾಕಿನ್ನ ಒಣಗಸೂ ಶೆಡ್ಡಿಗೆ ಕಳಸ್ತಾರ. ದ್ರಾಕ್ಷಿ ಹರವಿದ ಜಾಳಗಿ ಹಿಂದ ಬಂದ ನಿಂದರತೈತಿ. ತಂಬಾಕದ ವಾಸನಿ ಬಡೀತೈತಿ. ದೆವ್ವ ಐತಿ ಅಲ್ಲಿ." ಅವ್ವ, "ದರ್ಗಾಕ್ಕ ಹೋಗಿ ತಾಯತಾ ಕಟ್ಟಸೂಣು ಬೇ" ಎಂದು ಅಂದೇ ಕರೆದೊಯ್ದು ಕಟ್ಟಿಸಿದಳು. ನಾನು ಆ ತಾಯತವನ್ನು ಕಿತ್ತು ಹಿತ್ತಿಲಿಗೆ ಎಸೆದೆ. ದೆವ್ವ ಇಲ್ಲವೆಂದು ಐದು ಕಾರಣ ಕೊಟ್ಟು ಸಾಬೀತು ಮಾಡಿದೆ. ತಾಯತ ಕಟ್ಟಿಸಿದ ಅವ್ವನಾದರೂ ನಿನ್ನ ಹೆದರಿಕೆಯನ್ನು ನಂಬಿದ್ದಳು. ನಾನು ದೆವ್ವದ ಜೊತೆಗೆ ನಿನ್ನನ್ನೂ ಸುಳ್ಳು ಮಾಡಿದೆ. ಗಂಡನ ಅಣ್ಣನ ಹೆಸರು ಬಾಯಲ್ಲಿ ತರಲಾಗದವಳು ದೆವ್ವ ಎನ್ನದೆ ಇನ್ನೇನು ಅಂದಾಳು! ಆ ಮನೆಯಲ್ಲಿ ತಂಬಾಕು ತಿನ್ನುವವರು ಇಬ್ಬರೇ. ಒಬ್ಬರು ನಿನ್ನ ಅತ್ತೆ. ಇನ್ನೊಬ್ಬ ನಿನ್ನ ಭಾವ ಧರೆಪ್ಪ. ನಿನ್ನನ್ನು ಬಿಟ್ಟು ಬರುವಾಗ ಅವನ ಕಾಲು ಮುಟ್ಟಿ, "ಅಕ್ಕನ್ನ ಸಂಭಾಳಸ್ರಿ" ಎಂದು ಬಂದಿದ್ದೇನೆ.

ಇನ್ನೊಂದು ತಿಂಗಳಿಗೆ ದ್ರಾಕ್ಷಿ ಕೊಯ್ಲು. ಮತ್ತೆ ಒಣಗಿಸುವ ಶೆಡ್ಡು ತೆರೆಯುತ್ತಾರೆ. ನಿನ್ನ ಗಂಡ ಒಣದ್ರಾಕ್ಷಿ ತುಂಬಿಕೊಂಡು ತಾಸಗಾಂವ ಪೇಟೆಗೆ ಹೋದರೆ ಮೂರು ದಿನ ಬರುವುದಿಲ್ಲ. ಉಳಿದ ಮೂರು ಪುಸ್ತಕಗಳನ್ನು ನಾನು ತೆರೆದಿಲ್ಲ. ಸವಾಲಿನಲ್ಲಿ ಸೋತೆನೆಂದೇ ತಿಳಿ.

ಚಿಕ್ಕವನಾದ ನಾನು ನಿನ್ನನ್ನು ಹರಸುವಂತಿಲ್ಲ, ಕ್ಷಮೆ ಕೇಳುವ ಮುಖವೂ ಇಲ್ಲ. ಅವ್ವ ಕಳಿಸಿದ ಕುಸುರೆಳ್ಳು ಸುಂದ್ರವ್ವನ ಬುಟ್ಟಿಯಲ್ಲಿದೆ, ತಿನ್ನು.

ನಿನ್ನ ತಮ್ಮ,
ಸಿದರಾಯ

ತಾ.ಕ.: ಸುಂದ್ರವ್ವ ಬಳೆ ಏರಿಸುತ್ತ ಏನೂ ಕೇಳುವುದಿಲ್ಲ, ನೀನು "ಹೂಂ" ಅಂದರೆ ಸಾಕು, ಅವಳು ನನಗೆ ಮುಟ್ಟಿಸುತ್ತಾಳೆ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಅವ್ವ ಹಾಸಿಗೆ ಹಿಡಿದಿದ್ದಾಳೆ ಎಂದು ಅವರ ಮುಂದೆ ಸುಳ್ಳು ಹೇಳುತ್ತೇನೆ, ನೀನು ಅಳು. ತಿರುಗಿ ತರಲು ಹೋಗಬೇಕಾದಂಥದ್ದು ಏನನ್ನೂ ಅಲ್ಲಿ ಬಿಡಬೇಡ. ಅವ್ವನಿಗೆ ಇನ್ನೂ ತಿಳಿಸಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಅವಳು ಹೊಸ್ತಿಲಲ್ಲೇ ನಿಲ್ಲಿಸಬಹುದು. ಹಾಗಾದರೆಂದು ಶ್ರೀಪಾಲಣ್ಣನ ಮಗ್ಗದ ಹಿಂದಿನ ಕೋಣೆ ಕೇಳಿ ಇಟ್ಟಿದ್ದೇನೆ. ಕಿಟಕಿ ಇಲ್ಲ, ಹಗಲೆಲ್ಲ ಸದ್ದು. ಚಿಲಕ ಒಳಗಡೆಯಿಂದ ಇದೆ, ನಾನೇ ಹಾಕಿ ತೆಗೆದು ನೋಡಿದ್ದೇನೆ.