ಖಾಲಿ ಎಂದು ಬರೆದ ಕೋಣೆ

ಕಡಿಯಾಳಿ, ಉಡುಪಿ
೨೮ ಮೇ ೧೯೭೭

ಪ್ರೀತಿಯ ಐರಿನ್,

ಬಾಣಂತಿಗೆ ಬರೆಯುವ ಕಾಗದದಲ್ಲಿ ಮೊದಲು ಮಗುವನ್ನು ವಿಚಾರಿಸಬೇಕು. ಹಾಲು ಸರಿಯಾಗಿ ಕುಡಿಯುತ್ತದಾ, ನಿನಗೆ ನಿದ್ದೆ ಮಾಡಲು ಬಿಡುತ್ತದಾ, ನಿನ್ನ ಪೀಟರ್ ಹೆದರದೆ ಎತ್ತಿಕೊಳ್ಳಲು ಕಲಿತರಾ ಎಂದೆಲ್ಲ ಕೇಳಬೇಕೆಂದೇ ಕುಳಿತೆ. ಆದರೆ ನಿನ್ನ ಕಾಗದ ಎದುರಿಗೇ ಉಂಟು. "ಕಾಪುವಿನಲ್ಲಿ ಅಮ್ಮನ ಹೊಲಿಗೆ ಕ್ಲಾಸಿನ ಕೋಣೆಯನ್ನು ಸರಕಾರ ತೆಗೆದುಕೊಂಡಿತಂತೆ, ಹೌದಾ? ಬೀಗ ಒಡೆದಿಲ್ಲವಂತೆ, ಹಾಗಾದರೆ ಒಳಗೆ ಹೇಗೆ ಹೋದರು? ಬೀಗದ ಕೈ ಯಾರ ಹತ್ತಿರ ಎಂದು ಅಮ್ಮನನ್ನು ಕೇಳಿದರೆ, ಇರಬೇಕಾದ ಕಡೆ ಉಂಟು ಎಂದಷ್ಟೇ ಹೇಳಿ ಮಗುವಿನ ಬಟ್ಟೆ ಮಡಚುತ್ತಾ ಕೂರುತ್ತಾಳೆ. ನೀನು ಅಲ್ಲೇ ಇದ್ದೀಯಲ್ಲ ವಿನೋದಾ, ಆ ಆಫೀಸರ್ ಯಾರೆಂದು ನೋಡಿ ಸ್ವಲ್ಪ ಮಾತಾಡು" ಎಂದು ಬರೆದಿದ್ದೀಯ.

ಆಫೀಸರ್ ಯಾರೆಂದು ನೋಡಿದೆ ಮಾರಾಯ್ತಿ. ನಾನೇ.

ಈಗ ಕಾಗದವನ್ನು ಕೆಳಗಿಟ್ಟು ಒಂದಿಷ್ಟು ಬೈದು ಬಾ. ಆಮೇಲೆ ಮುಂದಕ್ಕೆ ಓದು. ಬೈಯದೆ ಓದಿದರೆ ನನಗೆ ಇನ್ನೂ ಕಷ್ಟ.

ಗೇಣಿಯ ಗದ್ದೆಯನ್ನು ಒಕ್ಕಲುಗಳ ಹೆಸರಿಗೆ ಮಾಡಿಕೊಡಲು ಭೂ ನ್ಯಾಯಮಂಡಳಿಗಳಾದದ್ದು ನಿನಗೆ ಗೊತ್ತುಂಟು. ನಮ್ಮ ಜಿಲ್ಲೆಯಲ್ಲಿ ಅರ್ಜಿಗಳು ಬೆಟ್ಟದಷ್ಟು ಬಿದ್ದವು. ಅದಕ್ಕೆ ಇನ್ನಷ್ಟು ಮಂಡಳಿಗಳನ್ನು ಮಾಡಿ, ನಮ್ಮಂಥ ಹೊಸದಾಗಿ ಆಯ್ಕೆಯಾದ ಆಫೀಸರುಗಳನ್ನು ಅಧ್ಯಕ್ಷರೆಂದು ಕೂರಿಸಿದರು. ಕೂರಿಸಿದರು ಎಂದು ಬರೆದೆ, ಕುರ್ಚಿಯನ್ನು ಮಾತ್ರ ಯಾರೂ ಕೊಡಲಿಲ್ಲ. ಕಾಪು ಕಡೆಯ ಗ್ರಾಮಗಳೆಲ್ಲ ನನ್ನ ಪಾಲಿಗೆ ಬಂದವು. ಕಚೇರಿ ಎಂದರೆ ಉಡುಪಿಯಲ್ಲಿ ಮಾರ್ಚಿನ ಚುನಾವಣೆಯ ಮತಪೆಟ್ಟಿಗೆಗಳನ್ನು ರಾಶಿ ಹಾಕಿದ ಒಂದು ಉಗ್ರಾಣ. ಫ್ಯಾನ್ ಇಲ್ಲ, ಕಿಟಕಿ ತೆರೆಯುವುದಿಲ್ಲ. ಮಂಡಳಿಯ ಸದಸ್ಯರೊಬ್ಬರು ಮತಪೆಟ್ಟಿಗೆಯ ಮೇಲೆಯೇ ಕೂತು ತೀರ್ಪು ಹೇಳುತ್ತಿದ್ದರು. ಧಣಿಗಳೂ ಒಕ್ಕಲುಗಳೂ ಜಗಲಿಯಲ್ಲಿ ಒಟ್ಟಿಗೆ ಬೆವರುತ್ತಿದ್ದರು. ಆ ಮಟ್ಟಿಗೆ ಸಮಾನತೆ ಬಂದಿತ್ತು ಎನ್ನು.

ನನ್ನ ಜೊತೆಗೇ ಆಯ್ಕೆಯಾದ ಧರ್ಮಪಾಲ ಎಂಬವರಿಗೆ ಹೆಬ್ರಿ ಕಡೆಯ ಮಂಡಳಿ ಕೊಟ್ಟಿದ್ದರು. ಪಾಪ, ಅವರಿಗೆ ಕಟ್ಟಡವೇ ಸಿಗಲಿಲ್ಲ. ಒಂದು ದಿನ ಮಂಡಳಿಯನ್ನು ಕಾರ್ಕಳದ್ದಕ್ಕೆ ಸೇರಿಸಿದರು, ಅವರನ್ನು ರಾಯಚೂರಿಗೆ ವರ್ಗ ಮಾಡಿದರು. ಅದಾದ ಸ್ವಲ್ಪ ದಿನಕ್ಕೆ ನನಗೂ ಮಂಗಳೂರಿನಿಂದ ಮಾತು ಬಂತು: ಮೇ ಮುಗಿಯುವುದರೊಳಗೆ ಕಾಪುವಿನಲ್ಲಿ ಖಾಲಿ ಕಟ್ಟಡವೊಂದನ್ನು ನೋಡಿ ವರದಿ ಕೊಡಿ, ಇಲ್ಲವಾದರೆ ನಿಮ್ಮದೂ ಅದೇ ದಾರಿ.

ಸರಕಾರದ ಮೇಲೆ ಹಾಕಿ ನಾನು ನುಣುಚಿಕೊಳ್ಳುತ್ತಿದ್ದೇನೆ ಎಂದು ನಿನಗೆ ಅನಿಸಬಹುದು. ಅನಿಸಲಿ, ಅದರಲ್ಲಿ ಅರ್ಧ ನಿಜ. ಮಂಡಳಿ ಹೋದರೆ ಒಕ್ಕಲುಗಳ ಗತಿ ಎಂತ ಎಂದು ನಾನು ನಿದ್ದೆಗೆಟ್ಟವಳಲ್ಲ. ನನಗೆ ಹೆದರಿಕೆಯಾದದ್ದು ವರ್ಗಾವಣೆಯದ್ದು. ಮದುವೆಯಾದದ್ದೇ ಆದದ್ದು, ನಾನು ಬೀದರಿನಲ್ಲಿ, ವಿಠಲರು ಮಣಿಪಾಲದ ಬ್ಯಾಂಕಿನಲ್ಲಿ. ಗಂಡನ ಅಕ್ಷರ ಗೊತ್ತಿತ್ತೇ ಹೊರತು ಅವರು ಗೊರಕೆ ಹೊಡೆಯುತ್ತಾರೆಂದು ಗೊತ್ತಿರಲಿಲ್ಲ. ಈಗ ಕಡಿಯಾಳಿಯಲ್ಲಿ ಈ ಬಾಡಿಗೆ ಮನೆ, ಬೆಳಿಗ್ಗೆ ದೇವಸ್ಥಾನದ ಗಂಟೆ ಕೇಳುತ್ತಾ ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುವುದು. ಅದನ್ನು ಬಿಡಲು ನನ್ನಿಂದ ಆಗಲಿಲ್ಲ ಐರಿನ್. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದು ಹುಡುಕಿದೆ, ಸಿಗಲಿಲ್ಲ.

ಅಷ್ಟರಲ್ಲಿ ಭೋಜಣ್ಣ ಬಂದರು. ನಿನ್ನ ಅಮ್ಮನ ಕ್ಲಾಸಿನ ಕೆಳಗೆ ಕೊಬ್ಬರಿ ಅಂಗಡಿ ಇಟ್ಟುಕೊಂಡ ಅದೇ ಭೋಜಣ್ಣ, ಕಟ್ಟಡದ ಯಜಮಾನರು. ಹಳೆಯ ಬಾಡಿಗೆಯವರನ್ನು ಏಳಿಸಿ ಸರಕಾರಕ್ಕೆ ಕೊಡುವ ಆಸೆ ಅವರಿಗೆ ಇಂದಿನದಲ್ಲ. "ಮೇಲಿನ ರೂಮು ಖಾಲಿ ಉಂಟು ಮೇಡಂ. ಆಲಿಸ್ ಬಾಯಿ ಬೊಂಬಾಯಿಗೆ ಹೋದರಲ್ಲ, ಇನ್ನು ಮೊಮ್ಮಗುವನ್ನು ಬಿಟ್ಟು ಬರುತ್ತಾರಾ? ನೀವು ಬಂದು ನೋಡಿ, ಕಣ್ಣಿಗೆ ಕಂಡದ್ದು ಬರೆದರೆ ಆಯ್ತು" ಎಂದರು. ಆಲಿಸ್ ಟೀಚರ್ ಪ್ರತಿ ವರ್ಷ ಮೇ ತಿಂಗಳಿಡೀ ಕ್ಲಾಸಿಗೆ ರಜೆ ಕೊಟ್ಟು, ಜೂನಿನಲ್ಲಿ ಶಾಲೆಯ ಜೊತೆಗೇ ತೆರೆಯುತ್ತಾರೆಂದು ನನಗೆ ಗೊತ್ತಿಲ್ಲವೇ? ನೀನೂ ನಾನೂ ಆ ರಜೆಗಾಗಿ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದವರಲ್ಲವೇ? ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಹೋದೆ.

ಭೋಜಣ್ಣ ಮುಂದೆ, ನಾನು ಹಿಂದೆ ಮೆಟ್ಟಿಲು ಹತ್ತಿದೆವು. ಬಾಗಿಲು ತೆರೆಯಿತು. ಒಳಗೆ ಅದೇ ವಾಸನೆ, ಮೆಷಿನ್ ಎಣ್ಣೆಯದ್ದು ಮತ್ತು ಹೊಸ ಬಟ್ಟೆಯದ್ದು. ಎರಡು ಮೆಷಿನ್‌ಗಳಿಗೂ ಎಣ್ಣೆ ಬಿಟ್ಟು ಹಳೆಯ ಹೊದಿಕೆ ಮುಚ್ಚಿದ್ದರು. ಕಾಗದದ ಅಳತೆಗಳು ಮೊಳೆಗೆ ನೇತಾಡುತ್ತಿದ್ದವು. ಅರ್ಧ ಹೊಲಿದ ರವಿಕೆಗಳ ಗಂಟುಗಳು ಮೂಲೆಯಲ್ಲಿ. ಇಂಟರ್‌ವ್ಯೂಗೆ ನಾನು ಹಾಕಿಕೊಂಡು ಹೋದ ಬಿಳಿ ರವಿಕೆಯ ತೋಳನ್ನು ಟೀಚರ್ ಬಿಚ್ಚಿ ಮತ್ತೆ ಹೊಲಿದದ್ದು ಅದೇ ಕಿಟಕಿಯ ಬಳಿ. ದೊಡ್ಡವರ ಎದುರು ಕೂರುವಾಗ ಭುಜ ಸುಕ್ಕಾಗಬಾರದು ಎಂದಿದ್ದರು. ಆ ಕಿಟಕಿಯ ಹತ್ತಿರವೇ ನಿಂತು, ಭುಜ ಸುಕ್ಕಾಗದಂತೆ ನೆಟ್ಟಗೆ ನಿಂತು, ನಾನು ಬರೆದೆ: ಕೋಣೆ ಖಾಲಿ ಇದೆ, ಕಚೇರಿಗೆ ಯೋಗ್ಯವಾಗಿದೆ.

ಆದೇಶ ಬೇಗನೆ ಬಂತು. ಭೋಜಣ್ಣ ಆಳುಗಳಿಂದ ಮೆಷಿನ್‌ಗಳನ್ನು ಕೆಳಗೆ ಇಳಿಸಿ ಕೊಬ್ಬರಿ ಚೀಲಗಳ ಪಕ್ಕದಲ್ಲಿ ಇಡಿಸಿದರು. ಬಟ್ಟೆ ಕತ್ತರಿಸುವ ಆ ದೊಡ್ಡ ಮೇಜು ಮಾತ್ರ ಬಾಗಿಲಲ್ಲಿ ಹಿಡಿಸಲಿಲ್ಲ. ಇರಲಿ ಎಂದೆ, ನನಗೂ ಮೇಜು ಇರಲಿಲ್ಲವಲ್ಲ. ಅದರ ಮೇಲೆ ಹಸಿರು ಬಟ್ಟೆ ಹಾಸಿ ನ್ಯಾಯ ಕೊಡಲು ಕೂತೆ. ಥೂ, ನನ್ನ ಜನ್ಮಕ್ಕಿಷ್ಟು.

ಇನ್ನು ಹೇಳುವುದಕ್ಕೆ ಮೊದಲು ನನ್ನ ಹಳೆಯ ಕಾಗದವೊಂದನ್ನು ನೆನಪಿಸಿಕೋ. ಬೀದರಿನಿಂದ ಬಂದ ಹೊಸದರಲ್ಲಿ ಕೆಲಸ ಕಲಿಯಲೆಂದು ನನ್ನನ್ನು ಕಾರ್ಕಳಕ್ಕೆ ಹಾಕಿದ್ದಾಗ ಬರೆದದ್ದು. ಅಲ್ಲಿ ಒಬ್ಬ ಧಣಿ ಬೇಕೆಂದೇ ಏಪ್ರಿಲ್‌ನಲ್ಲಿ ನಮ್ಮನ್ನು ಬೆಟ್ಟುಗದ್ದೆ ನೋಡಲು ಕರೆದುಕೊಂಡು ಹೋಗಿದ್ದರು. ಮಳೆಗಾಲದ ಒಂದು ಬೆಳೆ ಬಿಟ್ಟರೆ ಅಲ್ಲಿ ಬೇರೇನೂ ಬೆಳೆಯುವುದಿಲ್ಲ. ಏಪ್ರಿಲ್‌ನಲ್ಲಿ ದನ ಮೇಯುತ್ತಿತ್ತು, ಒಂದು ನರಪಿಳ್ಳೆ ಇರಲಿಲ್ಲ. "ನೋಡಿ, ಹಡಿಲು ಬಿದ್ದಿದೆ, ಬೇಸಾಯವೇ ಇಲ್ಲ, ಒಕ್ಕಲು ಯಾರೂ ಇಲ್ಲ" ಎಂದರು ಧಣಿ. ನಾನು ಮೂಲೆಯಲ್ಲಿದ್ದ ಸುಡುಮಣ್ಣಿನ ರಾಶಿಯನ್ನು ತೋರಿಸಿ, ಹಡಿಲು ಗದ್ದೆಗೆ ಯಾರು ಸ್ವಾಮಿ ಸೊಪ್ಪು ಸುಟ್ಟು ಗೊಬ್ಬರ ಮಾಡುತ್ತಾರೆ ಎಂದು ಕೇಳಿದ್ದೆ. ಧಣಿಯ ಮುಖ ನೋಡಬೇಕಿತ್ತು! ಎಷ್ಟು ಜಂಬದಿಂದ ಬರೆದಿದ್ದೆ ನಿನಗೆ. ನೀನು ಅದನ್ನು ಊರಿಗೆ ಕಳಿಸಿದ್ದೆ, ಆಲಿಸ್ ಟೀಚರ್ ಕ್ಲಾಸಿನ ಹುಡುಗಿಯರಿಗೆಲ್ಲ ಓದಿ ಹೇಳಿದ್ದರಂತೆ.

ಟೀಚರ್ ಎಣ್ಣೆ ಬಿಟ್ಟು ಮುಚ್ಚಿಟ್ಟ ಮೆಷಿನ್, ಅದು ಸುಡುಮಣ್ಣಲ್ಲದೆ ಮತ್ತೆಂತ?

ಹೋದ ವಾರ ಮಂಗಳವಾರ ಐಸಮ್ಮನ ಅರ್ಜಿ ವಿಚಾರಣೆಗೆ ಬಂತು. ಅವಳ ಗಂಡ ಇದಿನಬ್ಬ, ಸರ್ವೋತ್ತಮರಾಯರೆಂಬ ಧಣಿಗಳ ಗದ್ದೆಯನ್ನು ಗೇಣಿಗೆ ಮಾಡುವವನು. ಕೊಯ್ಲು ಮುಗಿದ ಮೇಲೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೊಂಬಾಯಿಗೆ ಹೋಗಿ ಬಂದರಿನಲ್ಲಿ ಹೊರೆ ಹೊರುತ್ತಾನೆ, ಮಳೆಗೆ ಮುಂಚೆ ಬರುತ್ತಾನೆ. ಈ ಸಲ ವಿಚಾರಣೆಯ ಸುದ್ದಿ ಸಿಕ್ಕಿ ಐಸಮ್ಮ ಒಬ್ಬಳೇ ಮೊದಲು ಬಂದಿದ್ದಳು. ರಾಯರು ಬಹಳ ಮೆದುವಾಗಿ ಮಾತಾಡುವವರು. ಎದ್ದು ನಿಂತು, ಇವರ ಮನೆಗೆ ಬೀಗ, ಗದ್ದೆ ಹಡಿಲು, ಊರು ಬಿಟ್ಟವರು ಒಕ್ಕಲು ಹೇಗಾಗುತ್ತಾರೆ ಎಂದರು. ಐಸಮ್ಮ ಆ ಮೇಜಿನ ಅಂಚು ಹಿಡಿದುಕೊಂಡು, "ನಾವು ಊರು ಬಿಟ್ಟದ್ದಲ್ಲ ಅಮ್ಮಾ, ಬಾಗಿಲು ಹಾಕಿ ಹೋದದ್ದು. ಹೋದವರು ಬರ್ಲಿಕ್ಕೆ ಇಲ್ವಾ?" ಎಂದಳು. ನಾನು ರಾಯರಿಗೆ, ಬೀಗ ಹಾಕಿದ ಮಾತ್ರಕ್ಕೆ ಖಾಲಿ ಎನ್ನಲು ಬರುವುದಿಲ್ಲ ಎಂದೆ.

ರಾಯರು ಕೋಣೆಯನ್ನು ಒಮ್ಮೆ ಸುತ್ತ ನೋಡಿದರು. ಗೋಡೆಯಲ್ಲಿ ಕಾಗದದ ಅಳತೆಗಳ ಮೊಳೆಗಳು ಹಾಗೇ ಇದ್ದವು. "ಈ ರೂಮನ್ನು ತಾವು ಹಾಗೆಯೇ ಬರೆದದ್ದಲ್ವಾ ಮೇಡಂ? ಬಾಯಿಯೂ ಬೊಂಬಾಯಿಗೇ ಹೋದದ್ದು. ನಾನು ಹೊಸತು ಎಂತ ಕೇಳುವುದಿಲ್ಲ, ನನ್ನ ಗದ್ದೆಗೂ ಅಷ್ಟೇ ಬರೆದುಕೊಡಿ" ಎಂದರು. ನಗಲೂ ಇಲ್ಲ ಆ ಮನುಷ್ಯ. ಸದಸ್ಯರು ನನ್ನನ್ನು ನೋಡಿದರು. ಐಸಮ್ಮನೂ ನೋಡಿದಳು, ಅವಳಿಗೆ ಏನೂ ಅರ್ಥವಾಗಿರಲಿಲ್ಲ, ನಾನು ಅವಳ ಪರವಾಗಿ ಏನಾದರೂ ಹೇಳುತ್ತೇನೆಂದು ಕಾಯುತ್ತಿದ್ದಳು. ಆಗಲೇ ಎದ್ದು, ನಾನು ಬರೆದದ್ದು ಸುಳ್ಳು ಎಂದು ಎಲ್ಲರ ಎದುರು ಹೇಳಿದೆನೆಂದು ಬರೆಯಲು ಎಷ್ಟು ಆಸೆಯೋ. ಹೇಳಲಿಲ್ಲ ಐರಿನ್. ವಿಚಾರಣೆ ಮುಂದಕ್ಕೆ ಹಾಕಿದೆ ಎಂದು ಗೊಣಗಿ ಹಸಿರು ಬಟ್ಟೆ ಮಡಚಿದೆ.

ಐಸಮ್ಮ ಮೆಟ್ಟಿಲಿಳಿಯುವಾಗ, ಮುಂದೆ ಹಾಕಿದ್ದು ಒಳ್ಳೆಯದಕ್ಕಾ ಅಮ್ಮಾ ಎಂದು ಕೇಳಿದಳು. ಅವಳ ಗದ್ದೆ ಹೋಗುವುದಾದರೆ ರಾಯರಿಂದಲ್ಲ, ನನ್ನ ಒಂದು ಸಾಲಿನಿಂದ ಹೋಗುತ್ತದೆ. ನಾಳೆ ಊರಿನ ಧಣಿಗಳೆಲ್ಲ ಅದೇ ಸಾಲನ್ನು ಹಿಡಿದುಕೊಂಡು ಬರುತ್ತಾರೆ. ನನಗೆ ಕಾಫಿ ಕುಡಿಯಲು ಒಂದು ಮೆಟ್ಟಿಲು ಬೇಕಿತ್ತು, ಅದಕ್ಕೆ ಇವಳು ಯಾಕೆ ಗದ್ದೆ ಕೊಡಬೇಕು?

ಮರುದಿನ ಮಂಗಳೂರಿಗೆ ಬರೆದು ಹಾಕಿದೆ. ಕೋಣೆ ಖಾಲಿ ಇರಲಿಲ್ಲ, ಅಲ್ಲಿ ಶ್ರೀಮತಿ ಆಲಿಸ್ ಅವರ ಹೊಲಿಗೆ ತರಗತಿ ನಡೆಯುತ್ತದೆ, ರಜೆಯಲ್ಲಿತ್ತು, ಗೊತ್ತಿದ್ದೂ ನಾನು ತಪ್ಪು ವರದಿ ಕೊಟ್ಟೆ ಎಂದು. ಸದಸ್ಯರಿಗೂ ಓದಿ ಹೇಳಿದೆ. ನಿನ್ನೆ ಕೋಣೆ ಬಿಟ್ಟುಕೊಡುವ ಆದೇಶ ಬಂತು. ಐಸಮ್ಮನ ಗದ್ದೆಯನ್ನು ಮಳೆ ಹಿಡಿದ ಮೇಲೆಯೇ ನೋಡಬೇಕು ಎಂದು ಮಂಡಳಿಯಲ್ಲಿ ಒಪ್ಪಿಸಿದ್ದೇನೆ. ಆಗ ಇದಿನಬ್ಬ ಕೆಸರಿನಲ್ಲೇ ನಿಂತಿರುತ್ತಾನೆ. ನೋಡಲು ನಾನಿರುವುದಿಲ್ಲ. ನನಗೆ ಬೀದರಿಗೇ ವರ್ಗ. ವಿಠಲರಿಗೆ ನಿನ್ನೆ ಹೇಳಿದೆ, ಕಾರಣವನ್ನೂ ಹೇಳಿದೆ. ಅವರು ಎದ್ದುಹೋಗಿ ತೆಂಗಿನ ಕಟ್ಟೆಗೆ ಎರಡು ಕೊಡ ನೀರು ಹಾಕಿ ಬಂದರು. ಆಮೇಲೆ, ಬೀದರಿನಲ್ಲಿ ಮಳೆಗಾಲಕ್ಕೆ ಕೊಡೆ ಬೇಕಾಗುತ್ತದಾ ಎಂದು ಕೇಳಿದರು. ಅಷ್ಟೇ.

ಮೆಷಿನ್‌ಗಳನ್ನು ಇವತ್ತು ಮೇಲೆ ತರಿಸಿದೆ. ಕೊಬ್ಬರಿಯ ಧೂಳು ಒರೆಸಿ ಎಣ್ಣೆ ಬಿಟ್ಟಿದ್ದೇನೆ. ರವಿಕೆಯ ಗಂಟುಗಳು ಒಂದೂ ಹೋಗಿಲ್ಲ. ಭೋಜಣ್ಣ ಮುಖ ಗಂಟು ಹಾಕಿಕೊಂಡಿದ್ದಾರೆ, ಆದರೆ ಸರಕಾರವೇ ಬಾಡಿಗೆಯವರಿದ್ದಾರೆ ಎಂದು ಬರೆದ ಮೇಲೆ ಅವರು ಎಂತ ಮಾಡಿಯಾರು? ಟೀಚರ್ ಜೂನಿನಲ್ಲಿ ಹೇಗಿದ್ದರೂ ಬರಲಿ, ಕ್ಲಾಸ್ ಮಾಡಲಿ. ನನ್ನನ್ನು ಕ್ಷಮಿಸು ಎಂದು ಬರೆಯುವುದಿಲ್ಲ. ಅದು ನಿನಗೆ ಇನ್ನೊಂದು ಕೆಲಸ ಹಚ್ಚಿದ ಹಾಗೆ.

ಮಗುವಿಗೆ ಮುತ್ತು.

ಮುಖ ತೋರಿಸಲಾಗದ ನಿನ್ನ ಗೆಳತಿ,
ವಿನೋದಾ

ಸಹಿಯ ಕೆಳಗೆ ಇನ್ನಷ್ಟು:

ಬೀಗದ ವಿಷಯವನ್ನು ಹಾಗೆಯೇ ದಾಟಿಸಿಬಿಟ್ಟೆ, ನೀನು ಗಮನಿಸಿರುತ್ತೀ. ಭೋಜಣ್ಣನ ಹತ್ತಿರ ಬೀಗದ ಕೈ ಇರಲಿಲ್ಲ. ಬೀಗವನ್ನು ಅಲುಗಾಡಿಸಿ ನೋಡಿ, "ಒಡೆದರೆ ಬಾಯಿ ಕೇಸು ಹಾಕಿಯಾರು, ಬೇಡ ಮೇಡಂ, ಬೇರೆ ಕಡೆ ನೋಡುವ" ಎಂದು ಮೆಟ್ಟಿಲಿಳಿಯಲು ಹೊರಟಿದ್ದರು. ನಾನು ಚೀಲದಿಂದ ಬೀಗದ ಕೈ ತೆಗೆದು ಬಾಗಿಲು ತೆರೆದೆ. ಉಡುಪಿಯಲ್ಲಿ ಬೊಂಬಾಯಿ ಬಸ್ಸು ಹೊರಡುವಾಗ ಟೀಚರ್ ಕಿಟಕಿಯಿಂದ ಬಗ್ಗಿ ಅದನ್ನು ನನ್ನ ಅಂಗೈಯಲ್ಲಿ ಇಟ್ಟಿದ್ದರು, ಆಗಾಗ ಹೋಗಿ ಒಳಗೆ ಗಾಳಿ ಆಡಿಸು ಮಗಾ ಎಂದು.

ಬೀಗ ಒಡೆದಿಲ್ಲ ಎಂದು ಕೇಳಿದ ದಿನವೇ ಅವರಿಗೆ ಎಲ್ಲ ತಿಳಿದಿರಬೇಕು. ಇರಬೇಕಾದ ಕಡೆ ಉಂಟು ಎನ್ನುತ್ತಿರುವುದು ನಿನ್ನ ಎದುರು ನನ್ನ ಹೆಸರು ಕೆಡಬಾರದೆಂದು. ಈ ಕಾಗದವನ್ನು ಅವರಿಗೆ ಪೂರ್ತಿ ಓದಿ ಹೇಳು. ಸಹಿಯ ಕೆಳಗಿನದ್ದನ್ನು ಮಾತ್ರ ಓದಬೇಡ. ಬೀಗದ ಕೈಯ ವಿಷಯ ನಿನಗೆ ಗೊತ್ತಾಯಿತು ಎಂದರೆ ನಾಚಿಕೆಯಾಗುವುದು ಅವರಿಗೆ.